ಗುಣಾಂಕ 0.8 ಎಂದರೆ ಶೇ 80ರಷ್ಟು ಸಂಬಂಧವಲ್ಲ: ಸ್ಪಷ್ಟನೆ

ಸಹಸಂಬಂಧ ಗುಣಾಂಕ (ಎರಡು ಅಳತೆಗಳು ನೇರ ಗೆರೆಯಂತೆ ಎಷ್ಟು ಬಿಗಿಯಾಗಿ ಜೊತೆಜೊತೆಗೆ ಬದಲಾಗುತ್ತವೆ ಎಂದು ಹೇಳುವ ಸಂಖ್ಯೆ) 0.8 ಬಂದರೆ ಎರಡು ಚರಗಳ, ಅಂದರೆ ಬದಲಾಗುವ ಅಳತೆಗಳ, ನಡುವೆ ಶೇ 80ರಷ್ಟು ಸಂಬಂಧವಿದೆ, ಆಮೇಲೆ ನಕ್ಷೆ ಬರೆಯದೆಯೇ ರಿಗ್ರೆಷನ್ ರೇಖೆಯನ್ನು (ಒಂದು ಚರ ಎಕ್ಸ್‌ನಿಂದ ಇನ್ನೊಂದು ಚರ ವೈಯನ್ನು ಅಂದಾಜಿಸುವ ನೇರ ಗೆರೆ) ನಂಬಬಹುದು ಎಂಬ ಮಾತು ಪರೀಕ್ಷಾ ಟಿಪ್ಪಣಿಗಳಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ಗುಣಾಂಕ ಶೇಕಡಾವಾರು ಲೆಕ್ಕವಲ್ಲ. ಅದರ ವರ್ಗ, ಅಂದರೆ 0.64, ವೈ ಮೌಲ್ಯಗಳ ಏರಿಳಿತದಲ್ಲಿ ರೇಖೆಯು ವಿವರಿಸುವ ಪಾಲನ್ನು ತಿಳಿಸುತ್ತದೆ.

ಎರಡನೆಯ ತಪ್ಪು ಹೆಚ್ಚು ಅಪಾಯಕಾರಿ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕಂಬ್ 1973ರಲ್ಲಿ ಪ್ರಕಟಿಸಿದ ನಾಲ್ಕು ಪುಟ್ಟ ದತ್ತಾಂಶ ಗುಂಪುಗಳಲ್ಲಿ ತಲಾ 11 ಜೋಡಿಗಳಿದ್ದು, ನಾಲ್ಕರಲ್ಲೂ ಗುಣಾಂಕ ಸುಮಾರು 0.82, ರೇಖೆ ಹೆಚ್ಚುಕಡಿಮೆ ವೈ = 3 + 0.5 ಎಕ್ಸ್. ಕಾಗದದ ಮೇಲೆ ಅವಳಿಜವಳಿಗಳಂತೆ ಕಾಣುವ ಇವುಗಳನ್ನು ನಕ್ಷೆಗೆ ಇಳಿಸಿದಾಗ, ಒಂದರಲ್ಲಿ ಮಾತ್ರ ಚುಕ್ಕಿಗಳು ರೇಖೆಯ ಆಚೀಚೆ ಸಹಜವಾಗಿ ಚದುರಿರುತ್ತವೆ. ಎರಡನೆಯದು ಬಾಗಿದ ಕಮಾನು, ಮೂರನೆಯದರಲ್ಲಿ ಹತ್ತು ಚುಕ್ಕಿಗಳು ಬೇರೊಂದು ನೇರ ಗೆರೆಯ ಮೇಲಿದ್ದು, ಒಂದೇ ಒಂದು ಚುಕ್ಕಿ ರೇಖೆಯನ್ನು ತನ್ನತ್ತ ಎಳೆದಿದೆ. ನಾಲ್ಕನೆಯದಂತೂ ವಿಚಿತ್ರ: ಹತ್ತು ಚುಕ್ಕಿಗಳು ಎಕ್ಸ್ 8ರ ಮೇಲೆ ಕಂಬದಂತೆ ನಿಂತಿವೆ, ಎಕ್ಸ್ 19ರಲ್ಲಿ ಒಂಟಿ ಚುಕ್ಕಿಯಿದೆ. ಆ ಒಂದನ್ನು ಅಳಿಸಿದರೆ ಎಲ್ಲ ಎಕ್ಸ್ ಮೌಲ್ಯಗಳೂ ಒಂದೇ ಆಗುವುದರಿಂದ ರೇಖೆಯ ಇಳಿಜಾರಿನ ಸೂತ್ರದ ಛೇದ ಸೊನ್ನೆಯಾಗಿ, ಇಳಿಜಾರನ್ನು ಲೆಕ್ಕ ಹಾಕುವುದೇ ಸಾಧ್ಯವಾಗುವುದಿಲ್ಲ.