ದುಡ್ಡು ಕೊಟ್ಟು ತಂದ ಸ್ಕ್ಯಾನರ್, ಆದರೂ ಮಾತು ಕೇಳಿದ್ದು ನಾನು

"ವಿಂಡೋಸ್ ಹಾಕ್ಕೊಳ್ಳಿ ಸರ್, ಸರಿಹೋಗುತ್ತೆ." ಉಬುಂಟುನಲ್ಲಿ (ವಿಂಡೋಸ್ ಬದಲು ನಾನು ಹಾಕಿಕೊಂಡಿರೋ ಪುಕ್ಕಟೆ ಲಿನಕ್ಸ್ ಸಿಸ್ಟಂ) ಸ್ಕ್ಯಾನರ್ ಓಡ್ತಿಲ್ಲ ಅಂದಿದ್ದಕ್ಕೆ ಸ್ಕ್ಯಾನರ್ ಕಂಪನಿಯ ಕಸ್ಟಮರ್ ಕೇರ್‌ನವರು ಇಷ್ಟು ಹೇಳಿ ಫೋನ್ ಇಟ್ಟರು. ಇದೊಂದು ಉತ್ತರವಾ?

ದೊಡ್ಡಮ್ಮ ಆಲ್ಬಂ ತಂದಿದ್ದೇ ಒಂದು ದಿನದ ಮಟ್ಟಿಗೆ. ಕಪ್ಪು ಹಾಳೆಯ ಹಳೇ ಆಲ್ಬಂ. ಅಜ್ಜನ ಫೋಟೋ ಅಂತ ಇರೋದು ಅದರಲ್ಲಿ ಒಂದೇ. ನೆಗೆಟಿವ್ ಯಾವತ್ತೋ ಹೋಯ್ತು. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಗುಣಮಟ್ಟ ಕೆಡದ ಟಿಫ್ ಫೈಲ್ ಇಟ್ಟುಕೊಂಡು, ಬೂಷ್ಟು ಹಿಡಿದ ಕಲೆಗಳನ್ನು ಗಿಂಪ್ ಅನ್ನೋ ಫೋಟೋ ತಿದ್ದೋ ತಂತ್ರಾಂಶದಲ್ಲಿ ನಿಧಾನಕ್ಕೆ ತೆಗೆಯೋಣ ಅಂತಿದ್ದೆ. ಹೋದ ವರ್ಷ ಚಿಕ್ಕಮ್ಮನ ಮದುವೆಯ ಕಲರ್ ಫೋಟೋಗಳನ್ನು ಹೀಗೇ ಮಾಡಿದ್ದೆ. ಪೂರ್ತಿ ಕೆಂಪಗಾಗಿದ್ದವು. ಗಿಂಪ್‌ನ ಲೆವೆಲ್ಸ್ ಅನ್ನೋ ಬಣ್ಣ ಹೊಂದಿಸೋ ಸಾಧನದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದನ್ನೇ ಎಳೆದು ಕೂರಿಸಿದಾಗ ಸೀರೆಯ ಹಸಿರು ಅಂಚು ಎದ್ದು ಬಂತು. ಅದೇ ಸ್ಕ್ಯಾನರ್. ಅದೇ ಉಬುಂಟು.

ಈಗ ಅಪ್‌ಡೇಟ್ ಆದಮೇಲೆ ಸ್ಕ್ಯಾನರೇ ಇಲ್ಲವಂತೆ. ಯುಎಸ್‌ಬಿಗೆ ಏನೇನು ಸಿಕ್ಕಿಸಿದೆ ಅಂತ ಹೇಳೋ ಎಲ್ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟರೆ ಕಂಪನಿ ಹೆಸರು ಸಮೇತ ತೋರಿಸುತ್ತೆ. ಸ್ಕ್ಯಾನ್ ಮಾಡೋ ಕಮಾಂಡ್ ಸ್ಕ್ಯಾನ್‌ಇಮೇಜ್ ಅನ್ನು ಕೇಳಿದರೆ ಯಾವ ಸ್ಕ್ಯಾನರೂ ಸಿಗಲಿಲ್ಲ ಅನ್ನುತ್ತೆ. ಕೇಬಲ್ ಬದಲಾಯಿಸಿದೆ, ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ನೋಡಿದೆ. ಊಹೂಂ.

ಮನೆಯವರೆಲ್ಲ ಹಾಲ್‌ನಲ್ಲಿ ಕೂತಿದ್ದಾರೆ. ಭಾವ ಕಾಫಿ ಲೋಟ ಹಿಡಿದು ನನ್ನ ಬೆನ್ನ ಹಿಂದೆ ಬಂದು ನಿಂತರು. "ಪುಕ್ಕಟೆ ಸಿಕ್ಕಿದ್ದಲ್ವೇನೋ, ಇಷ್ಟೇ ಅದು." ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕರು. ಭಾವ ತಾವೇ ಸ್ಕ್ಯಾನರ್ ಮುಚ್ಚಳ ಎತ್ತಿ, ಫೋಟೋ ತೆಗೆದು, ನನ್ನ ಕೀಬೋರ್ಡ್ ಮೇಲೇ ಇಟ್ಟು ಮೊಬೈಲ್‌ನಲ್ಲಿ ಕ್ಲಿಕ್ ಮಾಡಿದರು. "ನೋಡು, ಆಯ್ತು!" ಏನಾಯ್ತು? ಟ್ಯೂಬ್‌ಲೈಟ್ ಬೆಳಕು ಅಜ್ಜನ ಹಣೆಯಿಂದ ಎಡಗಣ್ಣಿನ ತನಕ ಪಟ್ಟಿ ಹೊಡೆದಿದೆ. ಅಲ್ಲಿ ಬರೀ ಬಿಳಿ. ಗಿಂಪ್‌ನ ಹೀಲ್ ಟೂಲ್ ಪಕ್ಕದ ಚರ್ಮ ತಂದು ಹಣೆ ಮುಚ್ಚಬಹುದು. ಕಣ್ಣನ್ನು ಎಲ್ಲಿಂದ ತರುತ್ತೆ? ನಾನು ಬಾಯಿ ಬಿಡಲಿಲ್ಲ. ಈಗ ಅದೇ ಉರೀತಿದೆ.

ಭಾವನ ಮೇಲೆ ಕೋಪ ಇಲ್ಲ. ಇಲ್ಲ, ಇದೆ. ಆದರೆ ಜಾಸ್ತಿ ಕೋಪ ಆ ಕಂಪನಿ ಮೇಲೆ. ಲಿನಕ್ಸ್‌ನಲ್ಲಿ ಸ್ಕ್ಯಾನರ್ ಓಡಿಸೋ ಪುಕ್ಕಟೆ ತಂತ್ರಾಂಶ ಸೇನ್, ಆ ಯೋಜನೆಯ ಜನ ಸ್ವಂತ ಹೊತ್ತು ಖರ್ಚು ಮಾಡಿ ಬರೆದ ಡ್ರೈವರ್‌ಗಳಿಂದ ಕಂಪನಿಗಳೇ ಕೈಬಿಟ್ಟ ಎಷ್ಟೋ ಹಳೇ ಸ್ಕ್ಯಾನರ್‌ಗಳು ಇವತ್ತಿಗೂ ಓಡ್ತಿವೆ. ನನ್ನದಕ್ಕೆ ಮಾತ್ರ ಕಂಪನಿಯದೇ ಪ್ಲಗಿನ್ (ಜೊತೆಗೆ ಸೇರಿಸೋ ತಂತ್ರಾಂಶದ ತುಣುಕು) ಬೇಕು. ಅದನ್ನು ಅಪ್‌ಡೇಟ್‌ಗೆ ಹೊಂದದ ಯಾವುದೋ ಹಳೇ ಕೋಡ್ ಲೈಬ್ರರಿಗೆ ಕಟ್ಟಿ ಕೈ ತೊಳೆದುಕೊಂಡಿದ್ದಾರೆ. ಬೇರೆಯವರು ತಿದ್ದೋಕೆ ಬೇಕಾದ ಸೋರ್ಸ್ ಕೋಡನ್ನೂ ಕೊಟ್ಟಿಲ್ಲ. ತಾವೂ ಮಾಡಲ್ಲ, ಮಾಡೋರಿಗೂ ಬಿಡಲ್ಲ! ಲಿನಕ್ಸ್‌ನಲ್ಲೂ ನಡೆಯುತ್ತೆ ಅಂತ ಅವರೇ ಬರೆದುಕೊಂಡಿದ್ದನ್ನು ನೋಡಿಯೇ ನಾನು ತಗೊಂಡಿದ್ದು.

ಹೋಗ್ಲಿ ಬಿಡಿ. ಉಬುಂಟು ಒಳಗೇ ಇನ್ನೊಂದು ಕಂಪ್ಯೂಟರ್‌ನಂತೆ ಓಡೋ ವರ್ಚುವಲ್ ಮಷಿನ್‌ನಲ್ಲಿ ವಿಂಡೋಸ್ ಹಾಕಿ ಕೆಲಸ ಮುಗಿಸಿಕೊಳ್ಳೋದು ಅಷ್ಟೇ. ನಮ್ಮಂಥವರ ಮಾತು ಯಾರು ಕೇಳ್ತಾರೆ? ಅಲ್ಲ, ಯಾಕೆ ಹಾಕಬೇಕು? ಪುಕ್ಕಟೆ ಸಿಕ್ಕಿದ ಸಿಸ್ಟಂ ಕೆಲಸ ಮಾಡ್ತಿದೆ. ಸಾವಿರಾರು ರೂಪಾಯಿ ಕೊಟ್ಟ ಡಬ್ಬ ಮಾಡ್ತಿಲ್ಲ. ಮಾತು ಕೇಳಬೇಕಾದದ್ದು ಯಾರು?

ಯಾರಾದರೂ ಉತ್ತರ ಕೊಡಿ. ಕಂಪನಿ ಪ್ಲಗಿನ್ ಇಲ್ಲದೆ, ಸುಮ್ನೆ ಸೇನ್‌ನಲ್ಲೇ ಓಡುವ ಫ್ಲಾಟ್‌ಬೆಡ್ (ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡೋ) ಸ್ಕ್ಯಾನರ್ ನಿಮ್ಮಲ್ಲಿ ಯಾರ ಮನೆಯಲ್ಲಿದೆ? ಸೇನ್ ಪಟ್ಟಿಯಲ್ಲಿ 'ಕಂಪ್ಲೀಟ್', ಅಂದರೆ ಪೂರ್ತಿ ಕೆಲಸ ಮಾಡುತ್ತೆ, ಅಂತ ಇದ್ದರೆ ಕಣ್ಣುಮುಚ್ಚಿ ತಗೋಬಹುದಾ? ದೊಡ್ಡಮ್ಮ ತೀರ್ಥಹಳ್ಳಿ ಬಸ್ ಹತ್ತಿ ಆಯ್ತು, ಆಲ್ಬಮ್ಮೂ ಹೋಯ್ತು. ಅಲ್ಲಿ ಮಳೆ ಹಿಡಿದರೆ ಆ ಬೂಷ್ಟು ಮುಖದ ಮೇಲಕ್ಕೂ ಹತ್ತುತ್ತೆ. ಮಾಡೆಲ್ ನಂಬರ್ ಹೇಳಿ. ಈ ಸಲ ಸ್ಕ್ಯಾನರನ್ನೇ ಹೊತ್ತುಕೊಂಡು ಊರಿಗೆ ಹೋಗ್ತೀನಿ.