ಸತ್ಯಾಂಶ: ಪ್ಲೇಗ್ ಲಸಿಕೆಯ ಮೊದಲ ಸೂಜಿ ಯಾರಿಗೆ?

‘ಬ್ರಿಟಿಷ್ ಡಾಕ್ಟರ್ ಹಾಫ್‌ಕಿನ್ ಪ್ಲೇಗ್ ಲಸಿಕೆಯನ್ನು ಮೊದಲು ಬಡ ಭಾರತೀಯರಿಗೆ ಚುಚ್ಚಿ ನೋಡಿದ.’ ಈ ಫಾರ್ವರ್ಡ್ ನಮ್ಮ ಮಲ್ಲೇಶ್ವರದ ಗ್ರೂಪಿಗೂ ಬಂತು. 1898ರ ಪ್ಲೇಗ್ ನಂತರವೇ ಜನ ಜಾಸ್ತಿ ಬಂದು ನೆಲೆಸಿದ ಬಡಾವಣೆ ನಮ್ಮದು, ಸುಮ್ನೆ ಬಿಡೋಕಾಗುತ್ತಾ?

ಹಾಫ್‌ಕಿನ್ ಬ್ರಿಟಿಷರಾಗಿ ಹುಟ್ಟಿದವರಲ್ಲ, ಒಡೆಸ್ಸಾದ ಯಹೂದಿ. ವೈದ್ಯರೂ ಅಲ್ಲ, ಓದಿದ್ದು ಪ್ರಾಣಿಶಾಸ್ತ್ರ. ಮುಂಬೈನ ಗ್ರಾಂಟ್ ಮೆಡಿಕಲ್ ಕಾಲೇಜಿನ ಪುಟ್ಟ ಜಾಗದಲ್ಲಿ ಅವರು ಲಸಿಕೆ ತಯಾರಿಸಿದರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಡುತ್ತಿದ್ದರು. ಹೌದು, ತುಪ್ಪವೇ! ಅದಕ್ಕೆ ಜೋತುಬಿದ್ದು ಪ್ಲೇಗ್ ರೋಗಾಣು ಬಿಳಲಿನಂತೆ ಕೆಳಗಿಳಿಯುತ್ತಿತ್ತು. ಆಮೇಲೆ ಬಿಸಿಮಾಡಿ ಸಾಯಿಸುತ್ತಿದ್ದರು.

1897ರ ಜನವರಿ 10ರಂದು ಮೊದಲು ಚುಚ್ಚಿಸಿಕೊಂಡಿದ್ದು ಅವರೇ. ಜ್ವರ, ನೋವು ಬಂತು, ಹೋಯಿತು. ನಂತರ ಬೈಕುಲ್ಲಾ ಜೈಲಿನಲ್ಲಿ ಮುಂದೆ ಬಂದ ಕೈದಿಗಳಿಗೆ ಕೊಟ್ಟರು. ಜೈಲಿನಲ್ಲಿರುವವರ ಒಪ್ಪಿಗೆ ಎಷ್ಟು ಸ್ವಂತದ್ದು, ಆ ಪ್ರಶ್ನೆ ನ್ಯಾಯವಾದದ್ದೇ, ಅಲ್ವಾ?

1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತಿದ್ದೂ ನಿಜ. ಎಲ್ಲರಿಗೂ ಹಾಕಿದ್ದು ಒಂದೇ ಬಾಟಲಿಯದು. ಹಾಫ್‌ಕಿನ್ ಮೇಲಿನ ಆರೋಪ 1907ರಲ್ಲಿ ಬಿದ್ದುಹೋಯಿತು. 1899ರಲ್ಲಿ ಮುಂಬೈನ ಪರೇಲ್‌ಗೆ ಹೋಗಿದ್ದ ಅವರ ಲಸಿಕೆ ಪ್ರಯೋಗಾಲಯಕ್ಕೆ 1925ರಲ್ಲಿ ಅವರದೇ ಹೆಸರಿಟ್ಟರು.