ಕೋಟೆ ರಿಪೇರಿಗೆ ಔಷಧ ಕಂಪನಿಯ ದಾನ

ಒಂದು ಔಷಧ ಕಂಪನಿ ಹಳೇ ಕೋಟೆ ರಿಪೇರಿ ಮಾಡೋರಿಗೆ ದುಡ್ಡು ಕೊಟ್ಟರೆ ತಪ್ಪೇನು? ಈ ಕೇಸು ಮೊದಲ ಸಲ ಓದಿದಾಗ ನನಗೂ ಹಾಗೇ ಅನ್ನಿಸಿತ್ತು.

ನಡೆದದ್ದು ಪೋಲೆಂಡಿನಲ್ಲಿ. ಅಮೆರಿಕದ ಶೆರಿಂಗ್-ಪ್ಲೌ ಕಂಪನಿಯ ಅಲ್ಲಿನ ಶಾಖೆ 1999ರಿಂದ 2002ರ ನಡುವೆ ಒಂದು ಕೋಟೆ ಪ್ರತಿಷ್ಠಾನಕ್ಕೆ ಸುಮಾರು 76 ಸಾವಿರ ಡಾಲರ್ ಕೊಟ್ಟಿತು. ಪ್ರತಿಷ್ಠಾನ ಬೋಗಸ್ ಅಲ್ಲ, ಕೆಲಸವೂ ನಿಜವಾದದ್ದೇ. ಆದರೆ ಅದರ ಮುಖ್ಯಸ್ಥರೇ ಅಲ್ಲಿನ ಸೈಲೀಸಿಯಾ ಪ್ರಾಂತ್ಯದ ಸರ್ಕಾರಿ ಆರೋಗ್ಯ ನಿಧಿಯ ನಿರ್ದೇಶಕರು. ಔಷಧ ಖರೀದಿಗೆ ಹಣ ಬರುವುದು ಆ ನಿಧಿಯಿಂದ. ಆಸ್ಪತ್ರೆಗಳ ಖರೀದಿಯ ಮೇಲೂ ಅದರ ಪ್ರಭಾವ ಇತ್ತು.

ನನ್ನ ಗಮನ ಸೆಳೆದದ್ದು ಇನ್ನೊಂದು ವಿಷಯ. ಶಾಖೆಯ ಮ್ಯಾನೇಜರ್ ಹಣವನ್ನು ಒಂದೇ ಸಲ ಕೊಡಲಿಲ್ಲ. ಮೇಲಿನವರ ಒಪ್ಪಿಗೆ ಬೇಕಾಗದ ಹಾಗೆ ತನ್ನ ಸಹಿಯ ಮಿತಿಯೊಳಗೇ ಇರುವಂತೆ ತುಂಡು ತುಂಡಾಗಿ ಕೊಟ್ಟ. ಕಾಗದದಲ್ಲಿ ಸುಳ್ಳು ವೈದ್ಯಕೀಯ ಕಾರಣ ಬರೆದ. ಕೋಟೆಗೆ ವೈದ್ಯಕೀಯ ಕಾರಣ! ಒಳ್ಳೆ ಮನಸ್ಸಿನಿಂದ ಕೊಡುವವನಿಗೆ ಇಷ್ಟೆಲ್ಲ ಕಷ್ಟ ಯಾಕೆ, ಅಲ್ವಾ?

1977ರ ಅಮೆರಿಕದ ಎಫ್‌ಸಿಪಿಎ ಕಾಯ್ದೆ ವಿದೇಶಿ ಅಧಿಕಾರಿಗೆ ಲಂಚ ಕೊಡಬಾರದು ಅನ್ನುತ್ತದೆ. ಕೋಟೆ ಪ್ರತಿಷ್ಠಾನ ಅಧಿಕಾರಿಯಲ್ಲ. ಆ ಹಣ ನಿರ್ದೇಶಕರ ಜೇಬಿಗೆ ಹೋಯಿತು ಅಂತಲೂ ಯಾರೂ ಆರೋಪ ಮಾಡಲಿಲ್ಲ. ಆದರೆ ಲೆಕ್ಕಪುಸ್ತಕ ಸರಿಯಾಗಿ ಇಡಬೇಕು, ಒಳಗಿನ ನಿಗಾ ಇರಬೇಕು ಅನ್ನುವುದೂ ಅದೇ ಕಾಯ್ದೆಯಲ್ಲಿದೆ. ಅಲ್ಲಿ ಕಂಪನಿ ಸಿಕ್ಕಿಬಿತ್ತು. 2004ರಲ್ಲಿ 5 ಲಕ್ಷ ಡಾಲರ್ ದಂಡ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತೀವಿ. ಕಂಪನಿ ಕೊಟ್ಟರೆ ಎರಡೂ ಕೈಗೆ ಗೊತ್ತಾಗಬೇಕು, ಆಡಿಟರ್‌ಗೂ ಗೊತ್ತಾಗಬೇಕು.

ಹಾಗಂತ ಲಾಭದ ಆಸೆಯಿಂದ ಕೊಟ್ಟಿದ್ದೆಲ್ಲ ಕೊಳಕು ಅನ್ನುವವರ ಜೊತೆ ನಾನಿಲ್ಲ. 1997ರಲ್ಲಿ ಏಷ್ಯಾದ ಒಂದು ದೇಶದಲ್ಲಿ ಸ್ಥಾವರ ಕಟ್ಟುತ್ತಿದ್ದ ಅಮೆರಿಕದ ಕಂಪನಿಯೊಂದು ಶಾಲೆ ಕಟ್ಟಲು 1 ಲಕ್ಷ ಡಾಲರ್ ಕೊಡಬಹುದೇ ಅಂತ ಅಮೆರಿಕದ ನ್ಯಾಯ ಇಲಾಖೆಯನ್ನು ಮೊದಲೇ ಕೇಳಿತು. ಹಣ ವ್ಯಕ್ತಿಗೆ ಹೋಗುವುದಿಲ್ಲ, ಶಾಲೆಗೇ ಬಳಕೆ ಅಂತ ಬರವಣಿಗೆಯಲ್ಲಿ ಒಪ್ಪಂದ ಆಗುತ್ತದೆ ಅಂದಿತು. ಇಲಾಖೆ ಕ್ರಮ ತೆಗೆದುಕೊಳ್ಳುವುದಿಲ್ಲ ಅಂದಿತು. ಕಂಪನಿಗೆ ಹೆಸರು ಬಂದಿರಬಹುದು. ಬರಲಿ ಬಿಡಿ, ಮಕ್ಕಳಿಗೆ ಶಾಲೆ ಸಿಗುತ್ತದಲ್ಲ.

ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಬೇಡ ಅನ್ನುವುದು ಪಡೆಯುವವನಿಗೆ ಹೇಳಿದ ಮಾತು. ಇಲ್ಲಿ ಎಣಿಸಲೇಬೇಕು. ಅಮೆರಿಕದ ಇಲಾಖೆಗಳು 2012ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ಕೆಲವು ಪ್ರಶ್ನೆಗಳಿವೆ. ನನ್ನ ಪ್ರಕಾರ ಅದರಲ್ಲಿ ಒಂದೇ ಸಾಕು: ಈ ದಾನ ಕೊಡಿ ಅಂತ ಕೇಳಿದ್ದು ಯಾರು? ನಿಮ್ಮ ಫೈಲು ಯಾರ ಮೇಜಿನ ಮೇಲಿದೆಯೋ ಅವರೇ ಕೇಳಿದ್ದರೆ, ಟ್ರಸ್ಟು ಎಷ್ಟೇ ಒಳ್ಳೆಯದಿರಲಿ, ಅದು ದಾನ ಅಲ್ಲ.

ಕಾನೂನು ಕೇಳದ ಪ್ರಶ್ನೆಯೂ ಇದೆ. ಆಸ್ಪತ್ರೆಗೆ ಯಂತ್ರ ಪುಕ್ಕಟೆ, ಅದಕ್ಕೆ ಹಾಕುವ ದ್ರಾವಣ ಮಾತ್ರ ವರ್ಷವಿಡೀ ಅದೇ ಕಂಪನಿಯದ್ದು. ಯಾರಿಗೂ ಲಂಚ ಹೋಗಿಲ್ಲ, ಲೆಕ್ಕ ಸರಿಯಾಗಿದೆ. ಆದರೂ ಬಡ ಆಸ್ಪತ್ರೆ ಗಿರಾಕಿಯಾಗಿ ಕಟ್ಟಿಬಿತ್ತು. ಇದಕ್ಕೆ ದಾನ ಅನ್ನುವ ಪದ ಬಳಸಿ ತೆರಿಗೆ ವಿನಾಯಿತಿ ಬೇರೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಸುಮ್ನೆ ಮಾರಾಟ ಅನ್ನಿ, ಬೆಲೆ ಚೌಕಾಸಿ ಮಾಡೋಣ.

2025ರ ಫೆಬ್ರವರಿಯಲ್ಲಿ ಟ್ರಂಪ್ ಎಫ್‌ಸಿಪಿಎ ಕಾಯ್ದೆಯಡಿ ಹೊಸ ತನಿಖೆಗಳನ್ನು ಕೆಲವು ತಿಂಗಳು ತಡೆಹಿಡಿಯುವ ಆದೇಶ ಹೊರಡಿಸಿದರು. ಇನ್ನು ಕೇಳೋರಿಲ್ಲ ಅಂತ ಕೆಲವರು ಖುಷಿಪಟ್ಟರು. ಕಾಯ್ದೆಯೇನೂ ರದ್ದಾಗಲಿಲ್ಲ. ಬ್ರಿಟನ್ನಿನ 2010ರ ಲಂಚ ಕಾಯ್ದೆಯೂ ಇದೆ, ಅದರಲ್ಲಿ ತನ್ನ ಪರವಾಗಿ ಲಂಚ ಹೋಗುವುದನ್ನು ತಡೆಯದ ಕಂಪನಿಯೂ ಅಪರಾಧಿ.

ಕೊನೆಗೆ ಅಮೆರಿಕದ ಸೌಂದರ್ಯವರ್ಧಕ ಕಂಪನಿ ನು ಸ್ಕಿನ್‌ನ ಕಥೆ. ಅದರ ಚೀನಾ ಶಾಖೆಯ ಮೇಲೆ ತನಿಖೆ ನಡೆಯುತ್ತಿದ್ದಾಗ, ಅದನ್ನು ತಮ್ಮ ಕಡೆ ತಿರುಗಿಸಿಕೊಳ್ಳಲು ಶಾಖೆಯವರು, ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಅಧಿಕಾರಿಯೊಬ್ಬರು ಆರಿಸಿದ ಸಂಸ್ಥೆಗೆ 10 ಲಕ್ಷ ಯುವಾನ್ ದಾನ ಕೊಟ್ಟರು. ಅಮೆರಿಕದ ಕಚೇರಿ ಎಚ್ಚರವಾಗಿಯೇ ಇತ್ತು, ವಕೀಲರನ್ನು ಕೇಳಿ ಅಂದಿತು. ವಕೀಲರು ಭ್ರಷ್ಟಾಚಾರ ತಡೆಯ ಮಾತನ್ನು ಒಪ್ಪಂದದಲ್ಲಿ ಸೇರಿಸಲು ಹೇಳಿದರು. ಕರಡಿನಲ್ಲಿ ಅದು ಇತ್ತು. ಸಹಿಯಾದ ಪ್ರತಿಯಲ್ಲಿ ಇರಲಿಲ್ಲ.